ಗ್ಯಾಸ್ ಗೀಸರನ್ನು ಬಚ್ಚಲಿಂದ ಹೊರಗೆ ಹಾಕಿದ ನನ್ನ ಅನುಭವ

ಮೂರು ವರ್ಷದಿಂದ ಸಕಲೇಶಪುರದ ಸುತ್ತಮುತ್ತ ನಾನು ಹಾಕಿದ ಒಂದು ಗ್ಯಾಸ್ ಗೀಸರೂ ಬಚ್ಚಲ ಒಳಗಿಲ್ಲ. ಸುಮಾರು ನಲವತ್ತು ಮನೆ ಆಗಿರಬಹುದು. ಎಲ್ಲಾ ಹೊರಗೋಡೆ ಮೇಲೆ. "ನೀರು ಬರೋಷ್ಟರಲ್ಲಿ ತಣ್ಣಗಾಗುತ್ತೆ, ಗಾಳಿಗೆ ಬೆಂಕಿ ಆರುತ್ತೆ, ಸುಮ್ನೆ ದುಡ್ಡು ದಂಡ" ಅಂತ ಜೊತೆಯ ಪ್ಲಂಬರ್‌ಗಳೇ ಹೇಳಿದ್ದರು. ಅವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಗೀಸರ್‌ಗೆ ಗಾಳಿ ತಡೆಯುವ ಶೀಟಿನ ಹುಡ್ ಮಾಡಿಸಿಕೊಂಡು ಹೋಗುತ್ತಾರೆ.

ಶುರುವಾಗಿದ್ದು ಒಂದು ಕೆಟ್ಟ ದಿನದಿಂದ. ಒಂದು ಮನೆಯ ಬಚ್ಚಲ ಒಳಗೆ ಗೀಸರ್ ಕೂರಿಸಿದ್ದೆ. ಎಕ್ಸಾಸ್ಟ್ ಫ್ಯಾನ್ ಇತ್ತು, ವೆಂಟಿಲೇಟರ್ ಇತ್ತು. ಡಿಸೆಂಬರ್ ಚಳಿಗೆ ಮನೆಯವರು ವೆಂಟಿಲೇಟರ್‌ಗೆ ರಟ್ಟು ಸಿಕ್ಕಿಸಿದ್ದರು. ಆವತ್ತು ಕರೆಂಟೂ ಇರಲಿಲ್ಲ. ಸ್ನಾನಕ್ಕೆ ಹೋದ ಹುಡುಗಿ ಒಳಗೇ ಬಿದ್ದಳು. ಅಮ್ಮ ಕೂಗಿದರೂ ಉತ್ತರ ಬರದೆ ಬಾಗಿಲು ಒಡೆದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡಳು. ಆ ಫಿಟ್ಟಿಂಗ್ ಮಾಡಿದ್ದು ನಾನು.

ಆಮೇಲೆ ಹೊಳೆಯಿತು. ನಮ್ಮ ಕಡೆ ಗ್ಯಾಸ್ ಗೀಸರ್ ಕೊಳ್ಳುವುದೇ ಕರೆಂಟ್ ಇರಲ್ಲ ಅಂತ. ಅಂದರೆ ಗೀಸರ್ ಬೇಕಾಗುವ ಹೊತ್ತಿಗೇ ಎಕ್ಸಾಸ್ಟ್ ಫ್ಯಾನ್ ನಿಂತಿರುತ್ತೆ. ಹಾಗಿದ್ದ ಮೇಲೆ ಫ್ಯಾನ್ ನಂಬಿ ಒಳಗೆ ಹಾಕುವುದು ಹೇಗೆ? ಸಿಲಿಂಡರ್ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತೆ, ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಗಾಳಿ ಸಾಲದೆ ಉರಿದರೆ ಹುಟ್ಟುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಆ ಹುಡುಗಿಯನ್ನು ಬೀಳಿಸಿದ್ದು ಅದೇ.

ಎರಡು ಸಾವಿರ ಚಿಲ್ಲರೆ ಕೊಟ್ಟು ನಂಬರ್ ತೋರಿಸುವ ಒಂದು ಸಿಓ (ಕಾರ್ಬನ್ ಮೊನಾಕ್ಸೈಡ್) ಅಲಾರಾಂ ತರಿಸಿದೆ. ಒಂದು ಹಳೆ ಮನೆಯ ಖಾಲಿ ಬಚ್ಚಲಲ್ಲಿ ಅದನ್ನಿಟ್ಟು, ಬಾಗಿಲು ಹಾಕಿ, ಹೊರಗಿನ ಗೇಟ್‌ವಾಲ್ವ್‌ನಿಂದ ನೀರು ಬಿಟ್ಟು ಗೀಸರ್ ಓಡಿಸಿದೆ. ಕಾಲು ಗಂಟೆಯಲ್ಲಿ ನೂರು ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲು) ದಾಟಿತು. ಗಾಜಿನಿಂದ ನೋಡುತ್ತಿದ್ದ ಯಜಮಾನರು "ಸಾಕು, ಮೊದಲು ಆರಿಸಪ್ಪಾ" ಎಂದರು. ಅದೇ ಗೀಸರ್ ಹೊರಗೋಡೆಗೆ ಹೋದ ಮೇಲೆ ಅರ್ಧ ಗಂಟೆ ಓಡಿಸಿದರೂ ಒಳಗೆ ಸೊನ್ನೆ. ಈಗ ಯಾರಾದರೂ ವಾದ ಮಾಡಿದರೆ ಮೀಟರ್ ತೆಗೆದು ಎದುರಿಗಿಡುತ್ತೇನೆ.

ಹೊರಗೆ ಹಾಕಿದ ತಕ್ಷಣ ಎಲ್ಲಾ ಸರಿಹೋಗಲಿಲ್ಲ. ಮೊದಲನೆಯದು ಆಷಾಢದ ಗಾಳಿಗೆ ದಿನಕ್ಕೆ ನಾಲ್ಕು ಸಲ ಆರಿತು. ಸಿಟ್ಟಿಗೆ ಸುತ್ತಲೂ ಶೀಟ್ ಡಬ್ಬ ಕಟ್ಟಿದೆ. ಗಾಳಿ ಸಾಲದೆ ಉರಿ ಹಳದಿಯಾಯಿತು, ಒಳಗೆಲ್ಲಾ ಮಸಿ. ಡಬ್ಬಕ್ಕೆ ಕೊಟ್ಟ 1,800 ರೂಪಾಯಿ ಹೋಯಿತು, ಗೀಸರ್ ಬಿಚ್ಚಿ ತೊಳೆಯುವುದಕ್ಕೆ ಒಂದು ದಿನವೂ ಹೋಯಿತು. ಈಗ ಮೇಲೆ ಮತ್ತು ಗಾಳಿ ಬರುವ ಕಡೆ ಮಾತ್ರ ಶೀಟ್, ಕೆಳಗೂ ಮುಂದೂ ಪೂರ್ತಿ ಖಾಲಿ. ಹುಡ್ಡಿನ ಅಂಚನ್ನು ಹೇಗೆ ಬಗ್ಗಿಸುತ್ತೇನೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ನನ್ನ ಅನ್ನ. ಕಿಟಕಿ ವಿಷಯ ಮಾತ್ರ ಮುಚ್ಚಿಡಲಾರೆ. ಒಂದು ಮನೆಯಲ್ಲಿ ಮಲಗುವ ಕೋಣೆಯ ಕಿಟಕಿ ಕೆಳಗೆ ಹಾಕಿಬಿಟ್ಟಿದ್ದೆ. ಕೋಣೆಯೊಳಗೆ ಮೀಟರ್ ಮೂವತ್ತು ತೋರಿಸಿತು. ಸಂಜೆಯೊಳಗೆ ಕಿತ್ತು ಕಿಟಕಿಗಳೇ ಇಲ್ಲದ ಹಿಂದಿನ ಗೋಡೆಗೆ ಹಾಕಿದೆ, ಕೂಲಿ ಕೇಳಲಿಲ್ಲ.

ನೀರು ತಣ್ಣಗಾಗುವ ಮಾತಿಗೆ ಬರೋಣ. ಬಿಸಿನೀರಿಗೆ ಹಾಕುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಮುಕ್ಕಾಲು ಇಂಚಿನದು ಇಪ್ಪತ್ತು ಅಡಿ ಎಳೆದರೆ ಮೊದಲು ಒಂದೂವರೆ ಲೀಟರ್ ತಣ್ಣೀರು ಬರುತ್ತೆ. ಅರ್ಧ ಇಂಚು ಹಾಕಿದರೆ ಅದರ ಅರ್ಧ, ಒಂದು ಚೊಂಬು ಅಷ್ಟೇ. ಗೀಸರ್‌ಗೆ ಬರುವ ನೀರಿಗೆ ಒಂದು ಇಂಚು, ಹೋಗುವ ಬಿಸಿನೀರಿಗೆ ಅರ್ಧ ಇಂಚು, ಮೇಲೆ ಕಪ್ಪು ಫೋಮ್ ಟ್ಯೂಬ್. ಹೊರಡುವ ಜಾಗದಲ್ಲಿ ಒಂದೂವರೆ ಅಡಿ ಸ್ಟೀಲ್ ಕನೆಕ್ಷನ್ ಪೈಪ್. ಟ್ಯಾಂಕ್ ನಲ್ಲಿಗಿಂತ ಹತ್ತು ಅಡಿಯಾದರೂ ಮೇಲಿರಬೇಕು, ಇಲ್ಲದಿದ್ದರೆ ನೀರಿನ ಒತ್ತಡ ಸಾಲದೆ ಗೀಸರ್ ಹತ್ತುವುದೇ ಇಲ್ಲ. ಪ್ರೆಷರ್ ಪಂಪ್ ಹಾಕಿ ನೋಡಿದೆ. ಅದಕ್ಕೂ ಕರೆಂಟ್ ಬೇಕಲ್ವಾ? ಅದನ್ನು ಬಿಟ್ಟು ಆಂಗಲ್ ಸ್ಟ್ಯಾಂಡ್ ಮಾಡಿಸಿ ಟ್ಯಾಂಕ್ ಎತ್ತಿದೆ, ಆರು ಸಾವಿರದ ಹತ್ತಿರ ಬಿತ್ತು. ಬಿಸಿನೀರು ತಣ್ಣೀರು ಎರಡನ್ನೂ ಬೆರೆಸುವ ಮಿಕ್ಸರ್ ಟ್ಯಾಪ್ ಇದ್ದರೆ ತೆಗೆಸಿ. ತಣ್ಣೀರು ಬೆರೆಸಿದ ಕೂಡಲೇ ಬಿಸಿನೀರಿನ ಓಟ ಕಡಿಮೆಯಾಗಿ ಗೀಸರ್ ಆರುತ್ತೆ, ಬೈಗುಳ ನಮಗೆ.

ಚಾಲೂ ಮಾಡುವಾಗ ನನ್ನದು ಒಂದೇ ಕ್ರಮ. ಮೊದಲು ನೀರು, ಆಮೇಲೆ ಗ್ಯಾಸ್, ಕೊನೆಗೆ ಕಿಡಿ ಹೊಡೆಯುವ ಬ್ಯಾಟರಿ. ನೀರು ಬಿಟ್ಟು ಹತ್ತು ನಿಮಿಷ ಎಲ್ಲೂ ತೊಟ್ಟಿಕ್ಕುತ್ತಿಲ್ಲ ಅಂತ ನೋಡುತ್ತೇನೆ. ಗ್ಯಾಸ್ ತೆರೆದು ಪ್ರತಿ ಜಾಯಿಂಟ್‌ಗೂ ಸೋಪುನೀರು. ಬೆಂಕಿಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ಹೊಸ ಹೋಸ್‌ನಲ್ಲಿ ಗಾಳಿ ಇರುತ್ತೆ, ಮೊದಲ ನಾಲ್ಕೈದು ಸಲ ಟಕಟಕ ಅಂದು ಸುಮ್ಮನಾಗುತ್ತೆ. ನಲ್ಲಿ ನಿಲ್ಲಿಸಿ, ಸ್ವಲ್ಪ ಬಿಟ್ಟು ಮತ್ತೆ ತೆರೆಯಿರಿ. ಗ್ಯಾಸ್ ವಾಸನೆ ಬಂದೂ ಹತ್ತದಿದ್ದರೆ ಸಿಲಿಂಡರ್ ಬಂದ್ ಮಾಡಿ ಐದು ನಿಮಿಷ ದೂರ ನಿಲ್ಲಿ. ಅವಸರಕ್ಕೆ ಒಂದು ಸಲ ದಬ್ ಅಂತ ಹತ್ತಿ ನನ್ನ ಹುಬ್ಬು ಸುಟ್ಟಿತ್ತು. ಉರಿ ನೀಲಿ ಇದ್ದರೆ ಮಾತ್ರ ಮನೆಯವರ ಕೈಗೆ ಕೊಡುತ್ತೇನೆ.

ಹೊರಗೆ ಹಾಕುವುದಕ್ಕೆ ಪೈಪು, ಫೋಮು, ಹುಡ್ಡು ಸೇರಿ ಮೂರೂವರೆ ನಾಲ್ಕು ಸಾವಿರ ಜಾಸ್ತಿ. ಗ್ಯಾಸ್ ಲೆಕ್ಕವನ್ನೂ ಒಂದು ಮನೆಯಲ್ಲಿ ಬರೆಸಿದೆ. 14.2 ಕೆಜಿ ಸಿಲಿಂಡರ್‌ಗೆ ಮುನ್ನೂರು ಬಕೆಟ್ ಹತ್ತಿರ ಬಂತು, ಬಕೆಟ್‌ಗೆ ಮೂರು ರೂಪಾಯಿ ಅಂತಿಟ್ಟುಕೊಳ್ಳಿ. ಗೋಬರ್ ಗ್ಯಾಸ್‌ಗೂ ಕೊಟ್ಟು ನೋಡಿದೆ, ನಡೆಯಲಿಲ್ಲ. ಅದರ ಪ್ರೆಷರ್ ಸಾಲದು, ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್ಟೂ ಬೇರೆ ಬೇಕು.

ಇನ್ನೊಂದು. ಹೊರಗಿದ್ದರೆ ಜೇಡ ಬರುತ್ತೆ. ಬರ್ನರ್ ಬಾಯಲ್ಲಿ ಬಲೆ ಕಟ್ಟಿದರೆ ಉರಿ ಹಳದಿಗೆ ತಿರುಗುತ್ತೆ. ಮಳೆ ನಿಂತ ಮೇಲೆ, ದೀಪಾವಳಿಗೆ ಮುಂಚೆ, ಎಲ್ಲಾ ಮನೆಗೂ ಒಂದು ಸುತ್ತು ಹೋಗಿ ಬ್ರಷ್ ಹೊಡೆದು ಬರುತ್ತೇನೆ. ಇನ್ನೂರು ರೂಪಾಯಿ ತೆಗೆದುಕೊಳ್ಳುತ್ತೇನೆ. ಆ ಹುಡುಗಿಯ ಮನೆಯಲ್ಲಿ ಮಾತ್ರ ತೆಗೆದುಕೊಳ್ಳಲ್ಲ.