ಕಾಫಿ ತೋಟದಲ್ಲಿ ಹಾರುಬೆಕ್ಕು, ಕಾಡುಪಾಪಗಳನ್ನು ನೋಡುವ ಬಗೆ

ಮೂಡಿಗೆರೆ, ಸಕಲೇಶಪುರದ ಕಡೆಯ ಹಳೆಯ ಕಾಫಿ ತೋಟಗಳಲ್ಲಿ ಹಗಲೆಲ್ಲ ಅಡಗಿದ್ದು ರಾತ್ರಿ ಹೊರಬರುವ ಸ್ತನಿಗಳನ್ನು ನೋಡಬೇಕೆನ್ನುವವರು, ಆ ಪ್ರಾಣಿಯ ಮೈಕಟ್ಟು ಯಾವ ಬಗೆಯ ಬದುಕಿಗೆ ಒಗ್ಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಎಲ್ಲಿ ನಿಲ್ಲಬೇಕು, ಯಾವ ಕೊಂಬೆಯ ಮೇಲೆ ಕಣ್ಣಿಡಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ತೋಟದ ಮಾಲೀಕರ ಒಪ್ಪಿಗೆಯಿಲ್ಲದೆ ಒಳಗೆ ಹೋಗಬಾರದು. ಆಸುಪಾಸಿನಲ್ಲಿ ಕಾಡಾನೆಗಳಿವೆಯೇ ಎಂದು ಸಂಜೆಯೇ ವಿಚಾರಿಸಿ, ಇದ್ದರೆ ಅಂದು ಮನೆಯಲ್ಲೇ ಉಳಿಯುವುದು ಒಳ್ಳೆಯದು.

ಹಾರುಬೆಕ್ಕು ಹೆಸರಿಗೆ ಬೆಕ್ಕಾದರೂ ಜಾತಿಯಲ್ಲಿ ಅಳಿಲು. ಅದು ಹಗಲನ್ನು ಮರದ ಪೊಟರೆಯಲ್ಲಿ ಕಳೆಯುವುದರಿಂದ, ಪೊಟರೆಯಿರುವ ಹಳೆಯ ಹಲಸು, ಗೋಣಿ, ಬಸರಿ ಮರಗಳನ್ನು ಹಗಲಿನಲ್ಲೇ ಗುರುತು ಮಾಡಿಕೊಳ್ಳಿ. ಸೂರ್ಯ ಮುಳುಗುವ ಹೊತ್ತಿಗೆ, ಮರದ ನೆತ್ತಿಯ ಹಿಂದೆ ಆಕಾಶ ಕಾಣುವಂತೆ ತುಸು ದೂರದಲ್ಲಿ ನಿಂತು ಕಾಯಿರಿ. ಮುಂಗಾಲಿನಿಂದ ಹಿಂಗಾಲಿನವರೆಗೆ ಹಬ್ಬಿದ ಚರ್ಮದ ಪೊರೆಯನ್ನು, ಮಣಿಕಟ್ಟಿನಿಂದ ಹೊರಚಾಚಿದ ಮೃದ್ವಸ್ಥಿಯ ಕಡ್ಡಿಯೊಂದು ಇನ್ನಷ್ಟು ಅಗಲವಾಗಿ ಬಿಡಿಸುತ್ತದೆ. ಇದು ನಿಜವಾದ ಹಾರಾಟವಲ್ಲ, ಎತ್ತರದಿಂದ ತಗ್ಗಿಗೆ ತೇಲುವುದು. ಆದ್ದರಿಂದ ಪ್ರಾಣಿ ನೆಗೆದೊಡನೆ ಎದುರಿನ ಮರದ ನೆತ್ತಿಯನ್ನು ನೋಡದೆ ಕಾಂಡದ ಕೆಳಭಾಗವನ್ನು ನೋಡಬೇಕು. ಇಳಿಯುವ ಮುನ್ನ ಅದು ಮೈಯನ್ನು ಮೇಲಕ್ಕೆತ್ತಿ ವೇಗ ತಗ್ಗಿಸಿ, ನಾಲ್ಕೂ ಕಾಲಿನಿಂದ ಕಾಂಡವನ್ನು ಹಿಡಿದು, ಬಳಿಕ ಮೇಲಕ್ಕೇರುತ್ತದೆ.

ಕೋತಿಗಳ ದೂರದ ನೆಂಟನಾದ, ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ ಕಾಡುಪಾಪವನ್ನು (ಲೋರಿಸ್) ಹುಡುಕುವ ಕ್ರಮವೇ ಬೇರೆ. ಅದು ನೆಗೆಯುವುದಿಲ್ಲ, ಒಂದು ರೆಂಬೆಯನ್ನು ಬಿಡುವ ಮೊದಲು ಇನ್ನೊಂದನ್ನು ಹಿಡಿದು ಮೆಲ್ಲನೆ ಸಾಗುತ್ತದೆ. ಅಂದಮೇಲೆ ಒಂಟಿ ಮರಗಳನ್ನು ಬಿಟ್ಟು, ಬಳ್ಳಿ ಮತ್ತು ರೆಂಬೆಗಳು ಒಂದಕ್ಕೊಂದು ಹೆಣೆದುಕೊಂಡ ಬೇಲಿಸಾಲು, ತೋಟದ ಅಂಚುಗಳಲ್ಲಿ ನೋಡುವುದು ಸರಿ. ಕಣ್ಣಿನ ಹಿಂಭಾಗದ ಪದರವೊಂದು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ, ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟದಲ್ಲಿ, ಕಿವಿಯ ಪಕ್ಕ ಹಿಡಿಯಬೇಕು. ಸೊಂಟದ ಬಳಿ ಹಿಡಿದರೆ ಆ ಹೊಳಪು ನಿಮಗೆ ಸರಿಯಾಗಿ ಕಾಣುವುದಿಲ್ಲ. ಗಾಜಿಗೆ ಕೆಂಪು ಹಾಳೆ ಕಟ್ಟುವುದು ಕಡ್ಡಾಯವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಇರುಳಿಗೆಂದೇ ಬೆಳೆದ ಆ ದೊಡ್ಡ ಕಣ್ಣುಗಳಿಗೆ ಬಿಳಿ ಬೆಳಕು ಹಿಂಸೆ. ಹತ್ತಿರ ಹತ್ತಿರ ಎರಡು ಕಿತ್ತಳೆಗೆಂಪು ಚುಕ್ಕಿಗಳು ಕಂಡು, ಅವು ಅಲುಗದೆ ನಿಮ್ಮನ್ನೇ ದಿಟ್ಟಿಸಿದರೆ ನೀವೂ ಅಲ್ಲೇ ನಿಲ್ಲಿ. ದುರ್ಬೀನಿನಲ್ಲಿ ಅದರ ಕೈಯನ್ನು ಗಮನಿಸಿ: ತೋರುಬೆರಳು ಮೊಟುಕಾಗಿದ್ದು, ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ರೆಂಬೆಯನ್ನು ಇಕ್ಕಳದಂತೆ ಕಚ್ಚಿರುತ್ತದೆ. ತೋಳು ಮತ್ತು ಕಾಲಿನ ರಕ್ತನಾಳಗಳು ಸಣ್ಣ ಕವಲುಗಳ ಜಾಲವಾಗಿ ಹರಡಿರುವುದರಿಂದಲೇ ಹೀಗೆ ಬಹಳ ಹೊತ್ತು ಹಿಡಿದರೂ ಸ್ನಾಯುಗಳು ಸೋಲುವುದಿಲ್ಲವೆಂದು ವಿಜ್ಞಾನಿಗಳು ವಿವರಿಸುತ್ತಾರೆ. ನೋಡಿದ್ದು ಸಾಕೆನಿಸುವ ಮೊದಲೇ ಬೆಳಕನ್ನು ಪಕ್ಕಕ್ಕೆ ತಿರುಗಿಸಿ.

ಚಿಪ್ಪುಹಂದಿ ಸಿಗುವುದು ತೀರಾ ಅಪರೂಪ. ಹಗಲಿನಲ್ಲಿ ಅದರ ಗುರುತು ಹುಡುಕುವುದೇ ಲೇಸು. ಅದಕ್ಕೆ ಹಲ್ಲಿಲ್ಲ. ಬಲವಾದ ಉಗುರಿನಿಂದ ಗೆದ್ದಲು ಹುತ್ತವನ್ನು ಬಗೆದು, ಅಂಟು ನಾಲಿಗೆಯನ್ನು ಒಳಗೆ ಚಾಚಿ ಹುಳುಗಳನ್ನು ತಿನ್ನುತ್ತದೆ. ಕರಡಿಯೂ ಹುತ್ತ ಬಗೆಯುವುದರಿಂದ ಆತುರದಲ್ಲಿ ತೀರ್ಮಾನಿಸಬೇಡಿ. ಚಿಪ್ಪಿನ ಕಳ್ಳಸಾಗಣೆ ನಡೆಯುವುದರಿಂದ ಬಿಲದ ಜಾಗವನ್ನು ಫೋಟೊ ಸಮೇತ ಹಂಚಿಕೊಳ್ಳಲೇಬಾರದು.

ತೋಟ ನಿಮ್ಮದೇ ಆಗಿದ್ದರೆ, ಮರಗಸಿ (ನೆರಳಿನ ಮರಗಳ ರೆಂಬೆ ಸವರುವ ಕೆಲಸ) ಮಾಡಿಸುವ ಮುನ್ನ ಪೊಟರೆಯ ಮರಗಳಿಗೆ ಸುಣ್ಣದಿಂದ ಗುರುತು ಹಾಕಿ, ಅವನ್ನು ಕಡಿಯಬಾರದೆಂದು ಕೆಲಸದವರಿಗೆ ತೋರಿಸಿಕೊಡಿ. ಕಾಡುಪಾಪ ಕಂಡ ಕಡೆಗಳಲ್ಲಿ ಮರದಿಂದ ಮರಕ್ಕೆ ತಾಗುವ ಒಂದೆರಡು ರೆಂಬೆಗಳನ್ನಾದರೂ ಉಳಿಸಿಕೊಳ್ಳಿ.