ಹೊಳೆಯಾಚೆ ಮಾರಿದ ಕಾದಂಬರಿ

ಶರಾವತಿ ಅಣೆಕಟ್ಟೆಗೆ ಮುಳುಗಿದ ಊರುಗಳ ಬಗ್ಗೆ ನಾನು ಬರೆದ ಕಾದಂಬರಿಯ ಮೊದಲ ಮುದ್ರಣ ಪೂರ್ತಿ ಮಾರಾಟವಾಯಿತು. 600 ಪ್ರತಿ. ಹೆಸರಿರುವ ಲೇಖಕರಿಗೆ ಇದೊಂದು ಲೆಕ್ಕವೇ ಅಲ್ಲ, ಗೊತ್ತು. ಆದರೆ ನನಗೆ ಪ್ರಕಾಶಕರಿರಲಿಲ್ಲ, ಮುನ್ನುಡಿಗೆ ದೊಡ್ಡವರಿರಲಿಲ್ಲ, ಗ್ರಂಥಾಲಯದ ಸಗಟು ಖರೀದಿ ನೆಚ್ಚಿಕೊಂಡು ಕೂತಿರಲಿಲ್ಲ. ಆದರೂ ಒಂದು ವರ್ಷದ ಮೇಲೆ ಸ್ವಲ್ಪ ದಿನಕ್ಕೆ ಎಲ್ಲ ಖಾಲಿ. 'ಮುಳುಗಡೆ ಊರಿನವರು ದುಡ್ಡು ಕೊಟ್ಟು ಕಾದಂಬರಿ ಓದ್ತಾರಾ?' ಅಂತ ನಕ್ಕವರು ಈಗ ಫೋನ್ ಮಾಡಿ ಹೇಗೆ ಮಾರಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ವಿಷಯ ಶರಾವತಿ ಹಿನ್ನೀರು. ಈ ಬಗ್ಗೆ ಬರೆದವರು ಮೊದಲೇ ಇದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ. ನಾನು ಹಿಡಿದದ್ದು ಎರಡು ಸಲ ಮನೆ ಕಿತ್ತ ಒಂದು ಕುಟುಂಬವನ್ನು. ಮೊದಲು ಹಿರೇಭಾಸ್ಕರ ಅಣೆಕಟ್ಟೆಗೆ, ಆಮೇಲೆ 1964ರಲ್ಲಿ ಮುಗಿದ ಲಿಂಗನಮಕ್ಕಿಗೆ. ಅಧ್ಯಾಯಗಳಿಗೆ ಹೆಸರಿಲ್ಲ, ನೀರಿನ ಮಟ್ಟವೇ ತಲೆಬರಹ. ಕೊನೆಯ ಅಧ್ಯಾಯ 1819 ಅಡಿ, ಅಂದರೆ ಲಿಂಗನಮಕ್ಕಿ ತುಂಬುವ ಮಟ್ಟ. ಈ ಉಪಾಯ ನನ್ನದೇ, ಯಾರಿಂದಲೂ ಕದ್ದಿದ್ದಲ್ಲ.

ಪ್ರಕಾಶಕರ ಕಥೆ ಬೇಗ ಮುಗಿಸುತ್ತೇನೆ. ಒಬ್ಬರು ಹಸ್ತಪ್ರತಿ ಇಟ್ಟುಕೊಂಡು ವರ್ಷದ ಮೇಲಾದರೂ ಹಾಂ ಹೂಂ ಅನ್ನಲಿಲ್ಲ. ಇನ್ನೊಬ್ಬರು ಎರಡೇ ದಿನಕ್ಕೆ ಒಪ್ಪಿದರು, ಆದರೆ 300 ಪ್ರತಿ ನಾನೇ ಕೊಳ್ಳಬೇಕಂತೆ. ಲೆಕ್ಕ ಹಾಕಿದೆ. ಅಷ್ಟು ದುಡ್ಡಿಗೆ ಸ್ವಲ್ಪ ಸೇರಿಸಿದರೆ ಇಡೀ ಪುಸ್ತಕ ನಾನೇ ಅಚ್ಚು ಹಾಕಿಸಬಹುದು. ಮೂರನೆಯವರು ಪ್ರೀತಿಯಿಂದಲೇ ಮಾತಾಡಿ, 'ಕಥಾಸಂಕಲನ ಇದ್ರೆ ಕೊಡಿ' ಅಂದರು. ಕಥಾಸಂಕಲನ ಇರಲಿಲ್ಲ.

ಕಾದಂಬರಿಗೆ ಮಾಹಿತಿ ಹುಡುಕಿದ ಓಡಾಟದ ವಿಷಯಕ್ಕೆ ಬರೋಣ. ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋದೆ, ಎಲ್ಲರೂ ಹಾಗೇ ಮಾಡುವುದು ಅಲ್ವಾ. ಸರ್ವೆ ನಂಬರು, ಎಕರೆ, ಗುಂಟೆ ಸಿಕ್ಕಿದವು. ಮನುಷ್ಯರು ಸಿಗಲಿಲ್ಲ. ಅವರು ಸಿಕ್ಕಿದ್ದು ಹಿನ್ನೀರಿನಾಚೆಯ ತುಮರಿ, ಬ್ಯಾಕೋಡು ಕಡೆ, ಮತ್ತೆ ಈಚೆ ಆನಂದಪುರ, ಕುಂಸಿ, ಆಯನೂರಿನ ಸುತ್ತ. ಲಾರಿಗೆ ಸಾಮಾನು ಹೇರಿಕೊಂಡು ಬಂದು ಕಾಡಿನಲ್ಲಿ ಇಳಿದ ಮನೆಗಳವು. ಕೆಲವರಿಗೆ ಇವತ್ತಿಗೂ ಹಕ್ಕುಪತ್ರದ ಚಿಂತೆ ಮುಗಿದಿಲ್ಲ. ಹಾಗಾಗಿ ಕಿಸೆಯಲ್ಲಿ ಪೆನ್ನು ಕಂಡರೆ ಸಾಕು, ಸರ್ಕಾರದ ಕಡೆಯವನು ಅಂದುಕೊಳ್ಳುತ್ತಾರೆ. ಮೊದಲ ಒಂದೆರಡು ಓಡಾಟದಲ್ಲಿ ನನಗೆ ಸಿಕ್ಕಿದ್ದು ಕಥೆಯಲ್ಲ, ಅರ್ಜಿ. ನಾಲ್ಕೈದು ಅರ್ಜಿ ತಾಲ್ಲೂಕು ಆಫೀಸಿಗೆ ತಲುಪಿಸಿಯೂ ಬಂದೆ.

ಆಮೇಲೆ ಪೆನ್ನು ಚೀಲಕ್ಕೆ ಹೋಯಿತು. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದನ್ನೂ ಬಿಟ್ಟೆ. ಹಿನ್ನೀರು ದಾಟಿಸುವ ಲಾಂಚಿನಲ್ಲಿ ಮಾಡಿದ ರೆಕಾರ್ಡಿಂಗಿನಲ್ಲಂತೂ ಎಂಜಿನ್ ಸದ್ದು ಬಿಟ್ಟರೆ ಏನೂ ಇರಲಿಲ್ಲ. ರಾತ್ರಿ ಸಾಗರದ ಲಾಡ್ಜಿಗೆ ಬಂದು ನೆನಪಿದ್ದಷ್ಟನ್ನು ಬರೆಯುತ್ತಿದ್ದೆ. ನೆನಪಿಲ್ಲದ್ದು ಕಾದಂಬರಿಗೂ ಬೇಡ, ಅಷ್ಟೇ. ಹಿರಿಯರ ಬಾಯಿ ಬಿಡಿಸುವುದಕ್ಕೆ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ, ಎರಡನೇ ಭೇಟಿಯಲ್ಲಿ ಮಾತ್ರ ಕೇಳುವುದು. ಅದನ್ನಿಲ್ಲಿ ಹೇಳುವುದಿಲ್ಲ. ಮುಂದಿನ ಪುಸ್ತಕಕ್ಕೆ ಬೇಕು.

ಆನಂದಪುರದ ಹತ್ತಿರ ಒಬ್ಬ ಅಜ್ಜಿ ಇದ್ದರು, ತೊಂಬತ್ತರ ಆಸುಪಾಸು. ನಾನು ಕೂರುವ ಮೊದಲೇ 'ಬರ್ಕಂಬದೆಲ್ಲ ಆಮೇಲೆ ತಮಾ, ಮೊದ್ಲು ಆಸ್ರಿಗೆ ಕುಡಿ' ಅಂದರು. ಮಜ್ಜಿಗೆ ಕುಡಿದ ಮೇಲೆ ಅವರು ಮೊರದಲ್ಲಿದ್ದ ಅಕ್ಕಿಯನ್ನು ಬೆರಳಲ್ಲಿ ಸರಿಸಿ ಮುಳುಗಿದ ಮನೆಯನ್ನು ತೋರಿಸಿದರು. ಇಲ್ಲಿ ಜಗಲಿ, ಇಲ್ಲಿ ಕೊಟ್ಟಿಗೆ, ಬಚ್ಚಲ ಹಿಂದೆ ಗುಡ್ಡದಿಂದ ಬರುವ ಅಬ್ಬಿ ನೀರು ಬೀಳುವ ಜಾಗ, ಅದರಾಚೆ ಹುಲ್ಲು ಬೆಳೆಯುವ ಬ್ಯಾಣ. ತೋಟ ಅಂತ ಒಂದು ಹಿಡಿ ಅಕ್ಕಿ ಬೇರೆ ಗುಡ್ಡೆ ಮಾಡಿದರು. ಕಲ್ಲು ಸಿಕ್ಕಿದರೆ ಮಾತಾಡುತ್ತಲೇ ಆರಿಸಿ ಅಂಗಳಕ್ಕೆ ಎಸೆಯುತ್ತಿದ್ದರು. ಎಲ್ಲ ತೋರಿಸಿ ಆದಮೇಲೆ ಮೊರ ಒಮ್ಮೆ ಕೊಡವಿ ಒಳಗೆ ತಗೊಂಡು ಹೋದರು. ಆ ಹೊತ್ತಿನ ಅನ್ನಕ್ಕೆ ಅದೇ ಅಕ್ಕಿ. ನನ್ನ ಮೂರನೇ ಅಧ್ಯಾಯದ ಮನೆ ಇದೇ, ಒಂದು ಗೋಡೆಯನ್ನೂ ಬದಲಿಸಿಲ್ಲ.

ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಹಿರೇಭಾಸ್ಕರದ ಹಳೇ ಕಟ್ಟೆ ಮೇಲೆ ಬರುತ್ತದೆ. ಆ ಕಡೆಯವರು ಮಡೆನೂರು ಡ್ಯಾಮ್ ಅನ್ನುತ್ತಾರೆ. 1948ರಲ್ಲಿ ಜೋಗದಲ್ಲಿ ಕರೆಂಟು ಶುರುವಾದಾಗ ನೀರು ಕೊಟ್ಟಿದ್ದು ಇದೇ ಕಟ್ಟೆ. ನೋಡಲು ಹೋದವನು ಅಲ್ಲಿನ ಸೈಫನ್‌ಗಳ ಹುಚ್ಚು ಹಿಡಿಸಿಕೊಂಡು ಬಂದೆ. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದವು. ಗೇಟು ಎತ್ತುವ ಗೋಜಿಲ್ಲ. ನೀರು ಒಂದು ಮಟ್ಟ ಮುಟ್ಟಿದರೆ ಸೈಫನ್ ತಾನೇ ಅದನ್ನು ಎಳೆದುಕೊಂಡು ಹೊರಗೆ ಹಾಕುತ್ತದೆ. ಇದರ ಮೇಲೆ ಹತ್ತು ಹನ್ನೆರಡು ಪುಟ ಬರೆದೆ. ಮನೆಯಲ್ಲಿ ಬಕೆಟ್ಟು, ಪೈಪು ಇಟ್ಟುಕೊಂಡು ಒಂದು ಮಾದರಿಯನ್ನೂ ಮಾಡಿದೆ. ಬಚ್ಚಲೆಲ್ಲ ನೀರು, ಹೆಂಡತಿಯ ಬೈಗುಳ ಬೇರೆ.

ಆ ಪುಟಗಳನ್ನು ಅರ್ಧ ಪುಟಕ್ಕೆ ಇಳಿಸಿದವರು ನನ್ನ ಗೆಳೆಯರು. ನಾವು ನಾಲ್ಕು ಜನ. ಹೊಸನಗರದ ಒಬ್ಬ ಮೇಷ್ಟ್ರು, ಬ್ಯಾಂಕಿನಲ್ಲಿರುವ ಒಬ್ಬರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ಕಥೆ ಬರೆಯುವ ಒಬ್ಬ ಗೆಳತಿ, ನಾನು. ಭಾನುವಾರ ರಾತ್ರಿ ಫೋನಿನಲ್ಲಿ ಸೇರುತ್ತೇವೆ. ಬರೆದವರೇ ಗಟ್ಟಿಯಾಗಿ ಓದಬೇಕು. ಹೊಗಳುವ ಹಾಗಿಲ್ಲ, ಸಲಹೆಯೂ ಬೇಡ. ಎಲ್ಲಿ ಬೋರಾಯಿತು ಅಂತ ಮಾತ್ರ ಹೇಳಬೇಕು. ಸೈಫನ್ ಓದಿದ ರಾತ್ರಿ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು, ಬೇರೆ ವಿಮರ್ಶೆ ಬೇಕಾಗಲಿಲ್ಲ. ಸಾಹಿತ್ಯ ಕಮ್ಮಟಗಳಿಗೆ ಕೊಟ್ಟ ದುಡ್ಡಿಗಿಂತ ಈ ಪುಕ್ಕಟೆ ಫೋನೇ ನನಗೆ ಜಾಸ್ತಿ ಕಲಿಸಿದೆ.

ಇನ್ನು ಮಾರಾಟ. ಹಳೇ ಕಾಲದ ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದ್ದು ನಮಗೆಲ್ಲ ಗೊತ್ತು. ಆದರೆ ಹಾಗೆ ಮಾಡಿ ನೋಡುವವರು ಕಡಿಮೆ. ಪುಟವಿನ್ಯಾಸ ನಡೆಯುತ್ತಿದ್ದಾಗಲೇ ನಾನು ಚಹಾ ಕುಡಿದ, ಊಟ ಮಾಡಿದ ಮನೆಗಳಿಗೆಲ್ಲ ಮತ್ತೆ ಹೋದೆ. ಆ ಮನೆಯ ಮಾತು ಬಂದಿರುವ ಪುಟಗಳ ಪ್ರಿಂಟ್ ತೆಗೆದುಕೊಂಡು ಹೋಗಿ ಜಗಲಿಯಲ್ಲಿ ಕೂತು ಓದಿದೆ. 300 ರೂಪಾಯಿ ಪುಸ್ತಕ, ಮುಂಗಡ ಕೊಟ್ಟವರಿಗೆ 220. ಒಂದು ಮನೆಯವರು ಶಿವಮೊಗ್ಗದ ಭಾವನಿಗೆ ಹೇಳಿದರೆ, ಭಾವ ಬೆಂಗಳೂರಿನ ಮಗಳಿಗೆ, ಮಗಳು ನೆಂಟರ ವಾಟ್ಸಾಪ್ ಗುಂಪಿಗೆ. ಅಚ್ಚಿಗೆ ಹೋಗುವ ಮೊದಲೇ 230 ಚಿಲ್ಲರೆ ಜನ ದುಡ್ಡು ಕಳಿಸಿದ್ದರು. ಓದಲು ಯಾವ ಪುಟ ಆರಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲಿ ಒಂದು ಲೆಕ್ಕವಿದೆ. ಅದನ್ನು ನೀವೇ ಕಂಡುಕೊಳ್ಳಿ.

ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದ ಸಿಗಂದೂರಿನ ಭಕ್ತರಿಗೂ ಮಾರಿ ನೋಡಿದೆ. ಒಂದಿಡೀ ಭಾನುವಾರ ನಿಂತರೂ ಹೋಗಿದ್ದು ನಾಲ್ಕೋ ಐದೋ. ದರ್ಶನಕ್ಕೆ ಹೊರಟವರಿಗೆ ಮುಳುಗಡೆ ಯಾಕೆ ಬೇಕು ಪಾಪ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಡೆಮಿ ಅಳತೆ, 290 ಪುಟದ ಹತ್ತಿರ. ಮುದ್ರಣಕ್ಕೆ 62 ಸಾವಿರ, ಪುಟವಿನ್ಯಾಸ 11 ಸಾವಿರ, ಮುಖಪುಟ 5 ಸಾವಿರ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಪುಕ್ಕಟೆ, ಅದಕ್ಕೂ ದುಡ್ಡು ಕೇಳುವವರಿದ್ದಾರೆ, ಕೊಡಬೇಡಿ. ನುಡಿ ತಂತ್ರಾಂಶದಲ್ಲಿದ್ದ ಹಳೇ ಅಧ್ಯಾಯಗಳನ್ನು ಯೂನಿಕೋಡಿಗೆ ತಂದಾಗ ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಕರಡು ತಿದ್ದುವುದರಲ್ಲೇ ಒಂದು ಮಳೆಗಾಲ ಹೋಯಿತು. ಬಿಡುಗಡೆ ಸಮಾರಂಭ ಮಾಡಲಿಲ್ಲ. ಸಭಾಂಗಣ, ಶಾಲು, ಹಾರ, ಉಪ್ಪಿಟ್ಟು ಅಂತ 20 ಸಾವಿರ ಉಳಿಯಿತು. ಅಂಚೆಗೆ ಏಳೆಂಟು ಸಾವಿರ, ಆಗ ಕಡಿಮೆ ದರದ ಬುಕ್ ಪೋಸ್ಟ್ ಇನ್ನೂ ಇತ್ತು. ಅಂಗಡಿಗೆ ಕೊಟ್ಟಿದ್ದು 130 ಪ್ರತಿ ಮಾತ್ರ, ಅವರ ಕಮಿಷನ್ ಶೇ. 35ರಿಂದ 40. ಒಟ್ಟು ಬಂದಿದ್ದು 1 ಲಕ್ಷ 30 ಸಾವಿರದಷ್ಟು. ಮೂರ್ನಾಲ್ಕು ವರ್ಷದ ಪೆಟ್ರೋಲು, ಬಸ್ಸು, ಲಾಡ್ಜು ಅಂತ 40 ಸಾವಿರ ಕಳೆದರೆ ಕೈಗೆ ಹತ್ತಿದ್ದು ಮೂರೋ ನಾಲ್ಕೋ ಸಾವಿರ. ಆದರೆ ಓಡಾಟದ ದುಡ್ಡನ್ನು ಪುಸ್ತಕವೇ ದುಡಿದುಕೊಟ್ಟಿತು ಅನ್ನುವ ಕನ್ನಡ ಕಾದಂಬರಿಕಾರರು ಎಷ್ಟು ಜನ ಇದ್ದಾರೆ, ಹೇಳಿ.

ಎರಡನೇ ಮುದ್ರಣ 400 ಪ್ರತಿ ಹಾಕಿಸುತ್ತಿದ್ದೇನೆ. ಕಾಗದದ ರೇಟು ಏರಿದೆ, ಬೆಲೆ 330 ಮಾಡಬೇಕಾಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಬಂತಲ್ಲ, ಸಂಜೆಯ ಕೊನೇ ಲಾಂಚಿನ ಹೆದರಿಕೆ ಈಗಿಲ್ಲ. ಆಚೆ ದಡದ ಕರೂರು ಹೋಬಳಿಯ ನಾಲ್ಕು ಊರು ಒಂದೇ ದಿನದಲ್ಲಿ ಮುಗಿಸಿ ರಾತ್ರಿ ಊಟಕ್ಕೆ ಸಾಗರಕ್ಕೆ ಬರಬಹುದು. ಲಾಡ್ಜಿನ ಖರ್ಚು ಅರ್ಧಕ್ಕಿಳಿದರೆ ಈ ಸಲ ಮೇಷ್ಟ್ರಿಗೂ ಬಸ್ ಚಾರ್ಜು ಕೊಟ್ಟು ಜೊತೆಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ಅವರ ಕಾದಂಬರಿಯೂ ಮುಗಿಯುತ್ತಾ ಬಂದಿದೆ.