ಎದೆ ಡವಡವ ಎನ್ನುವಾಗ ಓಡದೆ ನಿಲ್ಲುವುದನ್ನು ಕಲಿಯುವುದು ಹೇಗೆ?

‘ಇಸಿಜಿ ನಾರ್ಮಲ್ ಇದೆ, ಟೆನ್ಷನ್ ಮಾಡಿಕೊಳ್ಳಬೇಡಿ’ ಎಂದು ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಹೇಳಿ ಕಳಿಸಿದ ಮಾತು ಎರಡು ದಿನ ಧೈರ್ಯ ಕೊಡುತ್ತದೆ. ಮೂರನೆಯ ದಿನ ಬಸ್ಸಿನಲ್ಲೋ, ಊಟ ಮುಗಿಸಿ ಕೈತೊಳೆಯುವಾಗಲೋ ಎದೆ ಮತ್ತೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಅವರು ಸರಿಯಾಗಿ ನೋಡಲಿಲ್ಲವೇನೋ ಎಂಬ ಸಂಶಯವೂ ಜೊತೆಗೇ ಏಳುತ್ತದೆ. ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗುವವರೂ ಇದ್ದಾರೆ. ಹಠಾತ್ತನೆ ಶುರುವಾಗಿ ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟಿ ಇಳಿಯುವ ಈ ಗಾಬರಿಯೇ ಪ್ಯಾನಿಕ್ ಅಟ್ಯಾಕ್. ಅದು ಪದೇ ಪದೇ ಬಂದು, ಮತ್ತೆ ಯಾವಾಗ ಬರುತ್ತದೋ ಎಂಬ ಅಂಜಿಕೆಯೇ ದಿನಚರಿಯನ್ನು ಬದಲಿಸತೊಡಗಿದರೆ ಅದನ್ನು ಪ್ಯಾನಿಕ್ ಡಿಸಾರ್ಡರ್ ಎನ್ನುತ್ತಾರೆ.

ಇದಕ್ಕೆ ಮನಶ್ಶಾಸ್ತ್ರ ಕಂಡುಕೊಂಡ ವರ್ತನಾ ಚಿಕಿತ್ಸೆ ಕೇಳುವುದಕ್ಕೆ ವಿಚಿತ್ರವಾಗಿದೆ: ಯಾವ ಅನುಭವಕ್ಕೆ ಹೆದರುತ್ತೀರೋ ಅದನ್ನು ನೀವಾಗಿಯೇ, ಬೇಕೆಂದೇ, ದಿನವೂ ಬರಿಸಿಕೊಳ್ಳಬೇಕು. ಏಕೆ ಎಂಬುದು ತಿಳಿಯದೆ ಈ ಅಭ್ಯಾಸಕ್ಕೆ ಇಳಿದರೆ ಎರಡನೆಯ ದಿನವೇ ಬಿಟ್ಟುಬಿಡುತ್ತೀರಿ. ಆದ್ದರಿಂದ ಮೊದಲು ಕಾರಣ.

ಗಾಬರಿ ತಿರುಗುವ ಚಕ್ರ

ಆಕ್ಸ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ಯಾನಿಕ್‌ನ ಬೇರು ದೇಹದ ಸಾಮಾನ್ಯ ಏರುಪೇರನ್ನು ಅನಾಹುತವೆಂದು ಓದಿಕೊಳ್ಳುವುದರಲ್ಲಿದೆ ಎಂದು ವಾದಿಸಿದರು. ಮೆಟ್ಟಿಲು ಹತ್ತಿದ್ದಕ್ಕೋ, ಕಾಫಿ ಹೆಚ್ಚಾದದ್ದಕ್ಕೋ ಎದೆ ಬಡಿದುಕೊಳ್ಳುತ್ತದೆ. ಮನಸ್ಸು ಅದನ್ನು ‘ಹಾರ್ಟ್ ಅಟ್ಯಾಕ್’ ಎಂದು ಓದುತ್ತದೆ. ಆ ಹೆದರಿಕೆಗೆ ಅಡ್ರಿನಲಿನ್ ಸುರಿದು ಎದೆ ಇನ್ನಷ್ಟು ಬಡಿದುಕೊಳ್ಳುತ್ತದೆ. ಅದನ್ನು ಕಂಡು ಮನಸ್ಸು ‘ನೋಡು, ನಿಜವೇ ಆಯಿತು’ ಎನ್ನುತ್ತದೆ. ಈ ನಡುವೆ ಉಸಿರು ಬೇಗಬೇಗ ಆಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ತಲೆ ತೇಲಿದಂತಾಗುವುದಕ್ಕೆ, ಬೆರಳು ಮತ್ತು ತುಟಿಯ ಸುತ್ತ ಜುಮ್ಮೆನ್ನುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಇನ್ನು ತಲೆ ತಿರುಗಿ ಬಿದ್ದೇಬಿಡುತ್ತೇನೆ ಎಂಬುದು ಎಲ್ಲರ ಭಯ. ಪ್ರಜ್ಞೆ ತಪ್ಪುವುದು ಸಾಮಾನ್ಯವಾಗಿ ರಕ್ತದೊತ್ತಡ ಕುಸಿದಾಗ. ಗಾಬರಿಯಲ್ಲಾದರೋ ಅದು ಏರುವುದೇ ಹೆಚ್ಚು.

ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಡೇವಿಡ್ ಬಾರ್ಲೋ ಮತ್ತು ಮಿಷೆಲ್ ಕ್ರಾಸ್ಕ್ 1980ರ ದಶಕದಲ್ಲಿ ಇದೇ ತಿಳಿವಳಿಕೆಯ ಆಸುಪಾಸಿನಲ್ಲಿ ಚಿಕಿತ್ಸೆಯೊಂದನ್ನು ರೂಪಿಸಿದರು. ಬಸ್ಸು, ಲಿಫ್ಟು, ಸಂತೆಗಳಿಗಿಂತ ಮೊದಲು ರೋಗಿ ಹೆದರಿರುವುದು ತನ್ನದೇ ಎದೆಬಡಿತಕ್ಕೆ, ತನ್ನದೇ ತಲೆಸುತ್ತಿಗೆ. ಆದ್ದರಿಂದ ಅದನ್ನೇ ಎದುರಿಸಬೇಕು ಎಂಬುದು ಅವರ ಲೆಕ್ಕಾಚಾರ. ಮುಂದೆ ಹೇಳುವ ಹಂತಗಳು ಈ ಪರಂಪರೆಯವು.

ಶುರು ಮಾಡುವ ಮೊದಲು

ವೈದ್ಯರಿಂದ ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿಕೊಳ್ಳಿ. ಥೈರಾಯ್ಡ್, ರಕ್ತಹೀನತೆ, ಹೃದಯದ ಲಯದ ತೊಂದರೆಗಳೂ ಇಂಥವೇ ಲಕ್ಷಣಗಳನ್ನು ತೋರಿಸಬಲ್ಲವು. ಹೃದ್ರೋಗ, ಆಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಕೆಳಗಿನ ವ್ಯಾಯಾಮಗಳನ್ನು ತಾವಾಗಿಯೇ ಮಾಡಬಾರದು. ತಪಾಸಣೆ ಒಮ್ಮೆ ಸಾಕು. ಪ್ರತಿ ತಿಂಗಳೂ ಇಸಿಜಿ ಮಾಡಿಸುವುದು ರೋಗದ ಭಾಗವೇ ಹೊರತು ಚಿಕಿತ್ಸೆಯಲ್ಲ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಹಂತ ಒಂದು: ಊಹೆಯನ್ನು ಬರೆಯಿರಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಸಲ ಗಾಬರಿಯಾದಾಗ ಯಾವ ಲಕ್ಷಣ ಮೊದಲು ಕಾಣಿಸಿತು, ಆ ಕ್ಷಣ ಏನಾಗುತ್ತದೆಂದು ಹೆದರಿದಿರಿ, ಕೊನೆಗೆ ಏನಾಯಿತು ಎಂಬ ಮೂರನ್ನೇ ಬರೆಯಿರಿ. ‘ತುಂಬಾ ಭಯವಾಯಿತು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಎರಡು ನಿಮಿಷದೊಳಗೆ ಪ್ರಜ್ಞೆ ತಪ್ಪಿ ಬೀಳುತ್ತೇನೆ’ ಎಂದು ಬರೆದರೆ ಅದನ್ನು ಪರೀಕ್ಷಿಸಿ ನೋಡಬಹುದು. ಒಂದು ವಾರದ ಬರಹ ಸಾಕು.

ಹಂತ ಎರಡು: ಬೇಕೆಂದೇ ಬರಿಸಿಕೊಳ್ಳಿ

ಇಲ್ಲಿಂದ ಮುಂದೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಜೊತೆಗೆ ಮಾಡುವುದು ಉತ್ತಮ. ಮೊದಲ ಒಂದೆರಡು ಸಲವಾದರೂ ಅವರ ಎದುರಿನಲ್ಲಿ ಮಾಡಿ. ಒಂದು ನಿಮಿಷ ನಿಂತಲ್ಲೇ ಓಡಿದರೆ ಎದೆ ಬಡಿದುಕೊಳ್ಳುತ್ತದೆ. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತಿದರೆ ತಲೆಸುತ್ತು ಬರುತ್ತದೆ. ಒಂದು ನಿಮಿಷ ಜೋರಾಗಿ, ಬೇಗಬೇಗ ಉಸಿರಾಡಿದರೆ ಕೈ ಜುಮ್ಮೆಂದು, ಸುತ್ತಲಿನದೆಲ್ಲ ದೂರ ಸರಿದಂತೆ ಅನಿಸುತ್ತದೆ. ಮೂಗು ಹಿಡಿದು ಸ್ಟ್ರಾ ಮೂಲಕ ಉಸಿರಾಡಿದರೆ ಉಸಿರು ಸಾಲದೆನ್ನಿಸುತ್ತದೆ. ಎಳನೀರಿನ ಸ್ಟ್ರಾ ಇದಕ್ಕೆ ಆಗುವುದಿಲ್ಲ, ಅದು ದಪ್ಪ. ಜ್ಯೂಸ್ ಪ್ಯಾಕೆಟ್ಟಿಗೆ ಅಂಟಿಸಿರುತ್ತಾರಲ್ಲ, ಆ ಸಣ್ಣದು ಬೇಕು. (ಈ ಲೇಖನಕ್ಕಾಗಿ ನಾನೂ ಮಾಡಿ ನೋಡಿದೆ. ಐವತ್ತನೆಯ ಸೆಕೆಂಡಿಗೆ ಸ್ಟ್ರಾ ಕಿತ್ತು ಬಿಸಾಡುವ ಮನಸ್ಸಾದದ್ದು ನಿಜ.)

ಇವುಗಳಲ್ಲಿ ಯಾವುದು ನಿಮ್ಮ ಗಾಬರಿಯನ್ನು ಹೆಚ್ಚು ಹೋಲುತ್ತದೋ ಅದೇ ನಿಮ್ಮ ವ್ಯಾಯಾಮ. ಮಾಡುವ ಮೊದಲು ಊಹೆ ಬರೆಯಿರಿ, ಮುಗಿದ ಮೇಲೆ ನಡೆದದ್ದನ್ನು ಬರೆಯಿರಿ. ಒಂದು ಪುಟ ಹೀಗಿರಬಹುದು: ‘ಬುಧವಾರ ಬೆಳಿಗ್ಗೆ. ಸ್ಟ್ರಾ, 1 ನಿಮಿಷ. ಊಹೆ: ಉಸಿರು ಕಟ್ಟಿ ಬೀಳುತ್ತೇನೆ, ನೂರಕ್ಕೆ 80. ನಡೆದದ್ದು: ಎದೆ ಬಿಗಿಯಿತು, ಕಣ್ಣಲ್ಲಿ ನೀರು ಬಂತು, ಬೀಳಲಿಲ್ಲ. ಎರಡನೆಯ ಸಲ: 50. ಮೂರನೆಯ ಸಲ: 30, ಬೇಜಾರಾಯಿತು.’ ಆ ‘ಬೇಜಾರಾಯಿತು’ ಎಂಬುದು ಒಳ್ಳೆಯ ಗುರುತು.

ಹಂತ ಮೂರು: ತಾಯತಗಳನ್ನು ಬಿಚ್ಚಿಡಿ

ಎಲ್ಲಕ್ಕಿಂತ ಕಷ್ಟದ್ದು, ಬಹುಪಾಲು ಜನ ಎಡವುವುದು ಇಲ್ಲಿಯೇ. ಜೇಬಿನಲ್ಲಿ ಮಾತ್ರೆಯ ಪಟ್ಟಿ, ಕೈಯಲ್ಲಿ ನೀರಿನ ಬಾಟಲಿ, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು, ಜೊತೆಗೆ ತಮ್ಮನೋ ಹೆಂಡತಿಯೋ, ಆಗಾಗ ನಾಡಿ ಹಿಡಿದು ನೋಡುವ ಎರಡು ಬೆರಳು. ಪಾಲ್ ಸಾಲ್ಕೋವ್‌ಸ್ಕಿಸ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1991ರಲ್ಲಿ ಇಂಥ ‘ಸುರಕ್ಷತಾ ವರ್ತನೆ’ಗಳ ಕಡೆಗೆ ಗಮನ ಸೆಳೆದರು. ನೂರು ಸಲ ಗಾಬರಿಯಾಗಿಯೂ ಒಮ್ಮೆಯೂ ಸಾಯದ ಮನುಷ್ಯನಿಗೆ ನೂರಾ ಒಂದನೆಯ ಸಲವೂ ಸಾಯುತ್ತೇನೆ ಎಂದೇ ಏಕೆ ಅನ್ನಿಸುತ್ತದೆ ಎಂಬ ಒಗಟಿಗೆ ಉತ್ತರ ಇಲ್ಲಿದೆ: ಪ್ರತಿ ಸಲವೂ ಬಾಟಲಿ ಕಾಪಾಡಿತು, ತಮ್ಮ ಕಾಪಾಡಿದ, ಬೇಗ ಕೂತದ್ದು ಕಾಪಾಡಿತು ಎಂದು ಅವನು ನಂಬಿರುತ್ತಾನೆ. ಬಿಚ್ಚಿ ನೋಡದ ಹೊರತು ತಾಯತದ ಬೆಲೆ ತಿಳಿಯುವುದಿಲ್ಲ.

ಹಾಗಾಗಿ ಪಟ್ಟಿ ಮಾಡಿ, ಒಂದೊಂದನ್ನೇ ಬಿಡಿ. ಮನೆಯವರಿಗೂ ಇಲ್ಲೊಂದು ಕೆಲಸವಿದೆ. ‘ಏನೂ ಆಗಲ್ಲ ಬಿಡು’ ಎಂದು ದಿನಕ್ಕೆ ಹತ್ತು ಸಲ ಹೇಳುವುದು ಪ್ರೀತಿಯಿಂದಲೇ ಇರಬಹುದು, ಆದರೆ ಅದೂ ಒಂದು ತಾಯತ. ನಿಧಾನ ಉಸಿರಾಟದ ಬಗ್ಗೆಯೂ ಎಚ್ಚರ ಬೇಕು. ಪ್ರಾಣಾಯಾಮವನ್ನು ದಿನಚರಿಯಾಗಿ ಮಾಡುವುದಕ್ಕೆ ಅಡ್ಡಿಯಿಲ್ಲ. ಗಾಬರಿ ಬಂದ ಕೂಡಲೇ ಅದನ್ನು ಓಡಿಸಲೆಂದು ಮಾಡಿದರೆ ಅದೂ ಬಾಟಲಿಯ ಸಾಲಿಗೇ ಸೇರುತ್ತದೆ.

ಹಂತ ನಾಲ್ಕು: ಹೊರಗೆ ಹೋಗಿ

ತಪ್ಪಿಸುತ್ತಾ ಬಂದ ಜಾಗಗಳಿಗೆ ಈಗ ಹೋಗಬೇಕು: ತುಂಬಿದ ಬಸ್ಸು, ಮದುವೆ ಮಂಟಪ, ಕ್ಯೂ ಇರುವ ಬ್ಯಾಂಕು. ಗಾಬರಿ ಏರಿದಾಗ ಬಸ್ಸಿನಿಂದ ಇಳಿದುಬಿಟ್ಟರೆ ಸಿಗುವ ನೆಮ್ಮದಿಯೇ ಮುಂದಿನ ಸಲ ಇಳಿಯುವುದನ್ನು ಕಲಿಸುತ್ತದೆ, ಆದ್ದರಿಂದ ಹೊರಡುವ ಮೊದಲೇ ನಿಲ್ದಾಣ ನಿರ್ಧರಿಸಿ ಅಲ್ಲಿಯೇ ಇಳಿಯಿರಿ. ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಜನಪ್ರಿಯಗೊಳಿಸಿದ ವಿಧಾನದಲ್ಲಿ ದೇಹವನ್ನು ಸಡಿಲಗೊಳಿಸುತ್ತಾ ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಹತ್ತಬೇಕಿತ್ತು. ಕ್ರಾಸ್ಕ್ ನಂತರದ ವರ್ಷಗಳಲ್ಲಿ ಹೇಳಿದ್ದು ಬೇರೆ: ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಪಾಠವೊಂದು ಬೆಳೆದು ಅದನ್ನು ತಡೆಹಿಡಿಯುತ್ತದೆ. ಬಸ್ಸಿನಲ್ಲಿ ಭಯ ಇಳಿಯಿತೇ ಎನ್ನುವುದಕ್ಕಿಂತ, ಊಹೆ ಸುಳ್ಳಾಯಿತೇ ಎನ್ನುವುದು ಮುಖ್ಯ. ಒಂದೇ ಬಸ್ಸು, ಒಂದೇ ಹೊತ್ತು ಬೇಡ. ಬೆಳಿಗ್ಗೆ, ಸಂಜೆ, ಕಾಫಿ ಕುಡಿದ ಮೇಲೆ, ನಿದ್ದೆಗೆಟ್ಟ ಮರುದಿನ, ಹೀಗೆ ಬದಲಿಸಿ.

ಮಾತ್ರೆಯೋ ಅಭ್ಯಾಸವೋ ಎಂಬ ಪ್ರಶ್ನೆಗೆ ಬಾರ್ಲೋ ಮತ್ತು ಸಂಗಡಿಗರು 312 ರೋಗಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಆಸಕ್ತಿಕರವಾಗಿದೆ. ಖಿನ್ನತೆಗೂ ಕೊಡುವ ಇಮಿಪ್ರಮಿನ್ ಮಾತ್ರೆ ಮತ್ತು ಈ ಬಗೆಯ ಚಿಕಿತ್ಸೆ ಎರಡೂ ಕೆಲಸ ಮಾಡಿದವು. ಆದರೆ ಎಲ್ಲ ಚಿಕಿತ್ಸೆ ನಿಲ್ಲಿಸಿದ ಆರು ತಿಂಗಳ ಬಳಿಕ, ಮಾತ್ರೆಯಿಲ್ಲದೆಯೋ ಔಷಧವಿಲ್ಲದ ಹುಸಿ ಮಾತ್ರೆಯೊಂದಿಗೋ ಅಭ್ಯಾಸ ಮಾಡಿದವರು ಎರಡನ್ನೂ ಕೂಡಿಸಿ ಪಡೆದವರಿಗಿಂತ ಉತ್ತಮ ಸ್ಥಿತಿಯಲ್ಲಿದ್ದರು. ಮಾತ್ರೆ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ತೀವ್ರ ಖಿನ್ನತೆಯೂ ಇದ್ದಾಗ ಅದು ಬೇಕಾಗುತ್ತದೆ.

ಎಲ್ಲಿ ಕೇಳಬೇಕೆಂದು ತೋಚದಿದ್ದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು; ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಗುಣವಾದ ತಿಂಗಳುಗಳ ನಂತರ, ಮನೆಯಲ್ಲೇನೋ ಸಂಕಟ ನಡೆದಾಗ ಗಾಬರಿ ಮತ್ತೊಮ್ಮೆ ಬರಬಹುದು. ಆಗ ಇಸಿಜಿಗೆ ಓಡುವ ಮೊದಲು ಆ ನೋಟ್‌ಬುಕ್ಕಿನ ಬುಧವಾರದ ಪುಟ ತೆಗೆದು ಓದಿ, ಸಣ್ಣ ಸ್ಟ್ರಾ ಒಂದನ್ನು ಹುಡುಕಿ.